ಗಿಳಿ ಒಪ್ಪದ ಉತ್ತರ

ಕಳೆದ ಭಾನುವಾರ ನಮ್ಮ ಮನೆಯವರು ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಫೇಲಾದರು.

ಫೇಲ್ ಮಾಡಿದ್ದು ಒಂದು ಗಿಳಿ. ಕಂಪ್ಯೂಟರಿನೊಳಗಿನ, ಟೈ ಕಟ್ಟಿಕೊಂಡ, ಹಸಿರು ಗಿಳಿ. ಇವರು ಉತ್ತರ ಒತ್ತಿದ ಕೂಡಲೇ ಅದು ಎಡಕ್ಕೂ ಬಲಕ್ಕೂ ತಲೆ ಆಡಿಸಿ, ಮೂಗಿನಲ್ಲಿ ಮಾತಾಡುವ ಪರದೇಶದ ಇಂಗ್ಲಿಷಿನಲ್ಲಿ ತಪ್ಪು, ಇನ್ನೊಮ್ಮೆ ನೋಡು ಅಂದಿತು. ಇವರು ಇನ್ನೊಮ್ಮೆ ನೋಡಿದರು. ಅದೇ ಉತ್ತರವನ್ನೇ ಮತ್ತೆ ಒತ್ತಿದರು. ಗಿಳಿಯೂ ಮತ್ತೆ ತಲೆ ಆಡಿಸಿತು.

ನಗಬೇಡಿ. ಆ ಪಾಠ ಬರೆದವರೂ ಇವರೇ.

ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ ನಮ್ಮ ಮನೆಯವರ ಪರಿಚಯ ಮಾಡಿಕೊಡಬೇಕು. ಹೆಸರು ಬಸವರಾಜ. ಮೂಲ ಲಿಂಗಸೂಗೂರು ಕಡೆ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ, ನಮ್ಮ ಕುಷಾಯಿಗೂಡದ ಪಕ್ಕದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ತಲೆಗೂದಲು ಬೆಳ್ಳಗಾಗುವ ತನಕ ದುಡಿದವರು. ಒಳ್ಳೆಯ ಮನುಷ್ಯ. ಇರುವುದು ಒಂದೇ ದೋಷ. ಯಾವ ಪ್ರಶ್ನೆಗೂ ನೇರವಾಗಿ ಒಂದು ಉತ್ತರ ಕೊಡುವುದಿಲ್ಲ.

ಸುಲ್ತಾನ್ ಬಜಾರಿಗೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಐವತ್ತು ನಿಮಿಷದಿಂದ ಒಂದೂ ಮುಕ್ಕಾಲು ತಾಸು ಅನ್ನುತ್ತಾರೆ. ಸಾರು ಹೇಗಾಗಿದೆ ಅಂದರೆ ನಿನ್ನೆಗಿಂತ ಚಲೋ, ಮೊನ್ನೆಯಷ್ಟಿಲ್ಲ. ನನ್ನನ್ನು ನೋಡಲು ಬಂದಾಗಲೂ ಇದೇ ಆಯಿತು. ನಮ್ಮಪ್ಪ ಹುಡುಗಿ ಒಪ್ಪಿಗೆಯೇ ಅಂತ ಕೇಳಿದ್ದಕ್ಕೆ ಇವರು ತುಸು ಹೊತ್ತು ಯೋಚಿಸಿ, ‘ಭಾಳ ಮಟ್ಟಿಗೆ ಒಪ್ಪಿಗಿ ಐತ್ರಿ’ ಅಂದರು. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ. (ಇವರ ಬಾಯಲ್ಲಿ ‘ಭಾಳ ಮಟ್ಟಿಗೆ’ ಅಂದರೆ ದೊಡ್ಡ ಹೊಗಳಿಕೆ ಅಂತ ನನಗೆ ತಿಳಿದದ್ದು ಮದುವೆಯಾಗಿ ಬಹಳ ದಿನಗಳ ಮೇಲೆ.)

ಇದು ಕಾರ್ಖಾನೆ ಕಲಿಸಿದ ಬುದ್ಧಿ. ರೆಸಿಸ್ಟರ್ ಅಂತ ಒಂದು ಬಿಡಿಭಾಗ ಇರುತ್ತದೆ. ಹಳೆಯ ರೇಡಿಯೊ ಬಿಚ್ಚಿ ನೋಡಿದವರಿಗೆ ಗೊತ್ತು. ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಮೈಮೇಲೆ ಬಣ್ಣಬಣ್ಣದ ಪಟ್ಟಿ. ಮೊದಲ ಪಟ್ಟಿಗಳು ಅದರ ಅಳತೆ ಹೇಳುತ್ತವೆ. ಕೊನೆಯದು ಮಾತ್ರ ಬೇರೆ. ಆ ಅಳತೆ ಎಷ್ಟರ ಮಟ್ಟಿಗೆ ತಪ್ಪಿರಬಹುದು ಅನ್ನುವುದನ್ನು ಅದು ಹೇಳುತ್ತದೆ. ಬಂಗಾರದ ಬಣ್ಣವಾದರೆ ನೂರಕ್ಕೆ ಐದು. ಬೆಳ್ಳಿಯಾದರೆ ಹತ್ತು. ಆ ಕೊನೆಯ ಪಟ್ಟಿಯೇ ಇಲ್ಲದಿದ್ದರೆ ಇಪ್ಪತ್ತು.

ಗಮನಿಸಿದಿರಾ? ತನ್ನ ತಪ್ಪಿನ ಬಗ್ಗೆ ಬಾಯೇ ಬಿಡದ್ದು ಎಲ್ಲಕ್ಕಿಂತ ಹೆಚ್ಚು ತಪ್ಪುವಂಥದ್ದು. ಮದುವೆಯಾದ ಹೊಸತರಲ್ಲಿ ಇವರು ಇದನ್ನು ನನಗೆ ಬಲು ಪ್ರೀತಿಯಿಂದ ವಿವರಿಸಿದ್ದರು. ಬೇರೆಯವರ ಗಂಡಂದಿರು ಆಗ ಹೆಂಡತಿಯರನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಇಂಥ ಮನುಷ್ಯ ವಿ.ಆರ್.ಎಸ್. ತೆಗೆದುಕೊಂಡು, ನಿವೃತ್ತಿಯ ವಯಸ್ಸಿಗೆ ಮೊದಲೇ ಮನೆಯಲ್ಲಿ ಕೂತರು. ಮೊದಲು ನಮ್ಮ ಮಿಕ್ಸರ್ ರಿಪೇರಿ ಆಯಿತು. ಆಮೇಲೆ ಓಣಿಯ ಎಲ್ಲರ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಟೇಪ್ ರೆಕಾರ್ಡರ್. ಕೊನೆಗೆ ಕೆಟ್ಟದ್ದೇನೂ ಉಳಿಯಲಿಲ್ಲ. ಆಮೇಲೆ ಇವರು ದಿನಾ ಗಡ್ಡ ಮಾಡಿಕೊಳ್ಳುವುದನ್ನು ಬಿಟ್ಟರು. ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಸೈಕಲ್ ಮೇಲೆ ಹೋಗುವವರನ್ನು ನೋಡುತ್ತಿದ್ದರು. ಯಾರಾದರೂ ನಿಂತು ಮಾತಾಡಿಸಿದರೆ ಅವತ್ತು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಆಗ ಬಂದವನು ಮಂಜು. ನಮ್ಮಣ್ಣನ ಮಗ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಮ್ಯಾನೇಜರ್. ಸಾಗರದಾಚೆಯ ಶಾಲೆಗಳಿಗೆ ಕಂಪ್ಯೂಟರಿನಲ್ಲಿ ಓದುವ ಪಾಠಗಳನ್ನು ತಯಾರಿಸಿ ಕಳಿಸುವ ಕಂಪನಿ. ಅಲ್ಲಿನ ಮಕ್ಕಳಿಗೆ ಅಲ್ಲಿನವರು ಪಾಠ ಬರೆದರೆ ದುಬಾರಿ, ನಾವು ಬರೆದರೆ ಅಗ್ಗ. ಚಿತ್ರ ಬಿಡಿಸುವವರು ಸಿಕ್ಕಿದ್ದರು, ಪ್ರೋಗ್ರಾಂ ಬರೆಯುವವರು ಬೇಕಾದಷ್ಟಿದ್ದರು, ಫಿಸಿಕ್ಸ್ ಗೊತ್ತಿದ್ದವರು ಮಾತ್ರ ಇರಲಿಲ್ಲ. ಮಾವ ಮನೆಯಲ್ಲೇ ಇದ್ದಾರಲ್ಲ, ಬಂದು ‘ವಿಷಯ ತಜ್ಞ’ರಾಗಲಿ ಅಂದ.

ತಜ್ಞರು ಮರುದಿನವೇ ಗಡ್ಡ ಮಾಡಿಕೊಂಡರು.

ಕಂಪನಿ ಕೊಟ್ಟ ಕೊರಳ ಕಾರ್ಡನ್ನು ಮನೆಗೆ ಬಂದ ಮೇಲೂ ತೆಗೆಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಅದು ಸಾರಿನಲ್ಲಿ ಅದ್ದಿಹೋಗುತ್ತದೆ ಅಂತ ನಾನೇ ಹಿಂದಕ್ಕೆ ತಿರುಗಿಸುತ್ತಿದ್ದೆ. ಬೆಳಿಗ್ಗೆ ಬಾಗಿಲಿಗೆ ಕ್ಯಾಬ್. ಈ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಫ್ಲೈಓವರ್ ಕಟ್ಟುವವರ ಧೂಳಿನಲ್ಲಿ, ಒಬ್ಬೊಬ್ಬರೇ ಕೂತ ಕಾರುಗಳ ನಡುವೆ, ಸವಾರಿ. ಮೇ ತಿಂಗಳಲ್ಲಿ ಕೈಯಲ್ಲೊಂದು ಸ್ವೆಟರ್. ಅಲ್ಲಿ ಏಸಿ ಹಾಗಿತ್ತು. ಭೂಮಿ ಬಿಸಿಯಾಗುವ ಪಾಠವನ್ನು ನಮ್ಮವರು ಸ್ವೆಟರ್ ಹಾಕಿಕೊಂಡು ಬರೆದರು, ಕಿಟಕಿಯ ಕೆಳಗೆ ಡೀಸೆಲ್ ಜನರೇಟರ್ ಗುಡುಗುಡು ಅನ್ನುತ್ತಿತ್ತು.

ಪಾಠದ ವಿಷಯ ಅದೇ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗುತ್ತ ಹೋದರೆ ಭೂಮಿಯ ಮೇಲ್ಮೈ ಎಷ್ಟು ಬಿಸಿಯಾಗುತ್ತದೆ? ಅದನ್ನು ಅಂದಾಜು ಮಾಡುವುದು ಹೇಗೆ?

ನಮ್ಮ ಮನೆಯ ಪಡುವಣ ಕಿಟಕಿಗೆಂದು ನಾನು ಸುಲ್ತಾನ್ ಬಜಾರಿನಿಂದ ಪರದೆ ಬಟ್ಟೆ ತಂದಿಟ್ಟಿದ್ದೆ. ಅದು ದರ್ಜಿಯ ಹತ್ತಿರ ಹೋಗುವ ಮೊದಲೇ ಪ್ರಯೋಗಕ್ಕೆ ಹೋಯಿತು. ನಾನು ಕುರ್ಚಿ ಹತ್ತಿ ಹಿಡಿದು ನಿಲ್ಲುವುದು, ಇವರು ದೂರ ಕೂತು ನೋಡುವುದು. ಒಂದು ಪದರ ಎರಡಾದಾಗ ಕೋಣೆ ಮಬ್ಬಾದದ್ದು ಚೆನ್ನಾಗಿ ಕಂಡಿತು. ಮೂರನೆಯದನ್ನು ಸೇರಿಸಿದಾಗ ಅಷ್ಟು ಕಾಣಲಿಲ್ಲ. ಮೊದಲಿನಷ್ಟೇ ವ್ಯತ್ಯಾಸ ಮತ್ತೆ ಬೇಕಾದರೆ ಎರಡು ನಾಲ್ಕಾಗಬೇಕು, ಆಮೇಲೆ ನಾಲ್ಕು ಎಂಟಾಗಬೇಕು. ಕಾರ್ಬನ್ ಡೈಆಕ್ಸೈಡಿನದೂ ಇದೇ ಸ್ವಭಾವವಂತೆ. ಭೂಮಿಯಿಂದ ಹೊರಕ್ಕೆ ಹೊರಟ ಶಾಖಕ್ಕೆ ಅದು ಅಡ್ಡ ಹಿಡಿದ ಪರದೆ. ಅದಕ್ಕೇ ವಿಜ್ಞಾನಿಗಳು ಯಾವಾಗಲೂ ‘ಇಮ್ಮಡಿಯಾದರೆ ಎಷ್ಟು’ ಅಂತಲೇ ಲೆಕ್ಕ ಹಾಕುವುದು. (ಹೋಲಿಕೆ ಸರಿಯೇ ಅಂತ ಕುರ್ಚಿಯ ಮೇಲಿಂದಲೇ ಕೇಳಿದೆ. ‘ಭಾಳ ಮಟ್ಟಿಗೆ’ ಅಂದರು.)

ಇಮ್ಮಡಿಯಾದರೆ ಬರೀ ಆ ಅನಿಲದಿಂದ ಏರುವುದು ಒಂದು ಡಿಗ್ರಿಗಿಂತ ಚೂರು ಹೆಚ್ಚು. ಇಲ್ಲಿಯವರೆಗೆ ಜಗಳವಿಲ್ಲ. ಆದರೆ ಗಾಳಿ ಬೆಚ್ಚಗಾದರೆ ಅದರಲ್ಲಿ ನೀರಾವಿ ಹೆಚ್ಚು ನಿಲ್ಲುತ್ತದೆ, ನೀರಾವಿಯೂ ಒಂದು ಪರದೆ. ಹಿಮ ಕರಗಿದರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ನೆಲ ಕಡಿಮೆಯಾಗುತ್ತದೆ. ಬಿಸಿಯೇ ಬಿಸಿಯನ್ನು ಕರೆದು ತರುತ್ತದೆ. ಕೊನೆಯಲ್ಲಿ ಮೋಡ ಅನ್ನುವ ಮಹಾಶಯ. ಹಗಲು ನೆರಳು ಕೊಡುತ್ತಾನೆ, ರಾತ್ರಿ ಸೆಕೆಯನ್ನು ಹಿಡಿದಿಡುತ್ತಾನೆ. ಬಿಸಿಯಾದ ಭೂಮಿಯ ಮೇಲೆ ಅವನು ಯಾವ ಕಡೆ ವಾಲುತ್ತಾನೆ ಅನ್ನುವುದು ಯಾರಿಗೂ ಪೂರ್ತಿ ತಿಳಿಯದು. ಹೀಗಾಗಿ ಬಲ್ಲವರೆಲ್ಲ ಸೇರಿ ಬಹಳ ಕಾಲದಿಂದ ಹೇಳುತ್ತ ಬಂದಿರುವ ಉತ್ತರ ಇದು: ಒಂದೂವರೆಯಿಂದ ನಾಲ್ಕೂವರೆ ಡಿಗ್ರಿ.

ಇಂಥದೊಂದು ಉತ್ತರ ಬರೆಯುವುದಕ್ಕಾಗಿಯೇ ನಮ್ಮವರು ಹುಟ್ಟಿರಬೇಕು ಅನ್ನಿಸಿತು ನನಗೆ. ಅಷ್ಟು ಖುಷಿಯಲ್ಲಿದ್ದರು. ಆ ವಾರವೆಲ್ಲ ಸಾರಿನಲ್ಲಿ ಕೊಂಕು ತೆಗೆಯಲಿಲ್ಲ.

ಪಾಠ ಮುಗಿಯಿತು. ಕೊನೆಗೆ ಒಂದು ಪ್ರಶ್ನೆ ಇರಬೇಕು, ಅದಕ್ಕೆ ನಾಲ್ಕು ಉತ್ತರ, ಅದರಲ್ಲಿ ಒಂದು ಮಾತ್ರ ಸರಿ. ಇದು ಕಂಪನಿಯ ಟೆಂಪ್ಲೇಟು, ಎಲ್ಲ ಪಾಠಕ್ಕೂ ಒಂದೇ ಅಚ್ಚು. ಇವರು ಮೂರು ನಂಬರುಗಳ ಜೊತೆಗೆ ನಾಲ್ಕನೆಯದಾಗಿ, ‘ಇಷ್ಟೇ ಎಂದು ಹೇಳಲಾಗದು, ಒಂದೂವರೆಯಿಂದ ನಾಲ್ಕೂವರೆಯ ನಡುವೆ’ ಎಂದು ಬರೆದು, ಅದೇ ಸರಿ ಎಂದು ಗುರುತು ಹಾಕಿ ಕಳಿಸಿದರು.

ಈಗ ಬಂತು ಕ್ವಾಲಿಟಿ ಟೀಮು. ಅವರೆಲ್ಲ ಚುರುಕು ಹುಡುಗ ಹುಡುಗಿಯರು, ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದರಲ್ಲಿ ಪಳಗಿದವರು. ಬ್ಯಾಂಕಿನ ಪ್ರೋಗ್ರಾಮನ್ನು ಹೇಗೆ ಚೆಕ್ ಮಾಡುತ್ತಾರೋ ಭೂಮಿಯನ್ನೂ ಹಾಗೆಯೇ ಚೆಕ್ ಮಾಡಿದರು. ಒಂದು ಪ್ರಶ್ನೆ ಹಾಕಿದರೆ ಒಂದು ಉತ್ತರ ಹೊರಗೆ ಬರಬೇಕು. ಎರಡು ನಂಬರ್ ಬಂದರೆ ಅದು ಬಗ್, ಅಂದರೆ ತಿದ್ದಬೇಕಾದ ತಪ್ಪು. ಹಾಗಾಗಿ ನಮ್ಮವರ ಉತ್ತರಕ್ಕೆ ಬಗ್ ಅಂತ ಹೆಸರು ಬಿತ್ತು. ಇವರು ಪುಟಗಟ್ಟಲೆ ವಿವರಣೆ ಬರೆದು, ಬಗೆಹರಿಯಿತು ಅಂತ ಆ ದೂರನ್ನು ಕಂಪ್ಯೂಟರಿನಲ್ಲಿ ಮುಚ್ಚಿ ಬರುತ್ತಿದ್ದರು, ಬೆಳಿಗ್ಗೆ ಹೋಗಿ ನೋಡಿದರೆ ಟೀಮಿನವರು ಮತ್ತೆ ತೆರೆದಿರುತ್ತಿದ್ದರು. ಮೋಡಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಅಂತ ಬರೆದದ್ದಕ್ಕೆ ಒಬ್ಬಳು ಹುಡುಗಿ ಪಾಪ ಶ್ರದ್ಧೆಯಿಂದಲೇ ಕೇಳಿದ್ದಳಂತೆ, ಮೋಡ ಯಾವ ಟೀಮಿನ ಹತ್ತಿರ ಪೆಂಡಿಂಗ್ ಇದೆ, ಯಾವಾಗ ಕ್ಲೋಸ್ ಆಗುತ್ತದೆ ಎಂದು.

ಕೊನೆಗೆ ಯಾರೋ ಬುದ್ಧಿವಂತರು ದಾರಿ ಕಂಡುಹಿಡಿದರು. ಒಂದೂವರೆಗೆ ನಾಲ್ಕೂವರೆ ಕೂಡಿಸಿ, ಎರಡರಿಂದ ಭಾಗಿಸಿದರು. ಮೂರು ಬಂತು. ಮೂರು ಸರಿ ಅಂತಾಯಿತು. ಒಂದೂವರೆ ತಪ್ಪು, ನಾಲ್ಕೂವರೆ ತಪ್ಪು. ನಾಲ್ಕನೆಯದನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ, ಅದನ್ನೂ ತಪ್ಪಿನ ಸಾಲಿಗೆ ಸೇರಿಸಿದರು. ಸತ್ಯ ಒತ್ತಿದ ಮಗುವಿಗೆ ಗಿಳಿ ತಲೆ ಆಡಿಸುತ್ತದೆ.

ಇನ್ನು ವಿಷಯ ತಜ್ಞರು ಒಪ್ಪಿಗೆಯ ಸಹಿ ಹಾಕುವುದೊಂದೇ ಬಾಕಿ. ತಜ್ಞರು ಒಲ್ಲೆ ಅಂದರು.

ಶನಿವಾರ ಸಂಜೆ ಮಂಜುನೇ ಮನೆಗೆ ಬಂದ. ಕೈಯಲ್ಲಿ ಮಿಠಾಯಿ ಡಬ್ಬಿ, ಹೆಗಲಲ್ಲಿ ಲ್ಯಾಪ್‌ಟಾಪ್. ಸೋಮವಾರ ಡೆಲಿವರಿ. ಪಾಠ ಹೋಗದಿದ್ದರೆ ಅವನ ತಲೆಯ ಮೇಲೆ ಬರುತ್ತದೆ. ಅದನ್ನೆಲ್ಲ ನಿಧಾನವಾಗಿ ಹೇಳಿಕೊಂಡ. ಮಾವನ ಕಾಂಟ್ರಾಕ್ಟು ಈ ತಿಂಗಳು ರಿನ್ಯೂ ಆಗಬೇಕು ಅನ್ನುವುದನ್ನೂ, ಬೇರೆ ಮಾತಿನ ಮಧ್ಯೆ ಇಟ್ಟು, ಹೇಳಿದ. ಅವನು ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ಇವರ ತೊಡೆಯ ಮೇಲೆ ಕೂತು ರೇಡಿಯೊ ಬಿಚ್ಚಿದವನು.

‘ಮಾವಾ, ಮೂರು ತಪ್ಪೇನ್ರಿ?’

‘ಮೂರು ತಪ್ಪಲ್ಲೋ. ಮೂರೊಂದೇ ಖರೇ ಅನ್ನೂದು ತಪ್ಪು.’

‘ಕ್ಲೈಂಟಿಗೆ ಅನುಮಾನ ಮಾರಾಕ ಬರಂಗಿಲ್ರಿ. ಉತ್ತರ ಮಾರಬೇಕು.’

‘ಅದು ಅನುಮಾನ ಅಲ್ಲ, ಮಂಜು. ಅದ ಉತ್ತರ.’

ಮಂಜು ನನ್ನ ಕಡೆ ನೋಡಿದ. ಅತ್ತೆಯಾದರೂ ಬುದ್ಧಿ ಹೇಳಲಿ ಅಂತ. ಹೇಳದೆ ಬಿಟ್ಟೆನೇ? ಅವನು ಹೋದ ಮೇಲೆ ಅಡುಗೆಮನೆಯಿಂದಲೇ ಶುರು ಮಾಡಿದೆ. ಎಂಟನೇ ಕ್ಲಾಸಿನ ಮಕ್ಕಳು, ಅವರೇನು ಹಡಗು ನಡೆಸುತ್ತಾರೆಯೇ? ಒಂದು ನಂಬರಿನ ಸಲುವಾಗಿ ಯಾರಾದರೂ ಕೈಯಲ್ಲಿದ್ದ ಕೆಲಸ ಬಿಡುತ್ತಾರೆಯೇ? ಮತ್ತೆ ಬಾಗಿಲಲ್ಲಿ ನಿಂತು ಸೈಕಲ್ ನೋಡುತ್ತೀರಾ? ಇವರು ಒಂದೇ ಮಾತು ಅಂದರು. ‘ರೆಸಿಸ್ಟರಿಗೆ ಇರೂ ಅಷ್ಟು ಮಾನ ನನಗ ಬ್ಯಾಡೇನು?’

ಕುಕ್ಕರ್ ಕೂಗಿತು, ಇಳಿಸಲು ಹೋದೆ.

ಸೋಮವಾರ ಪಾಠ ಹೋಯಿತು. ಸಹಿ ಹಾಕಿದವನು ಕಂಪನಿಯಲ್ಲಿ ಇಂಗ್ಲಿಷ್ ತಿದ್ದುವ ಹುಡುಗ. ಫಿಸಿಕ್ಸನ್ನು ಹತ್ತನೇ ಕ್ಲಾಸಿಗೇ ಬಿಟ್ಟವನು. ತಿಂಗಳ ಕೊನೆಗೆ ನಮ್ಮವರು ಕೊರಳ ಕಾರ್ಡು ಮರಳಿಸಿ, ಕಂಪನಿಯ ಕ್ಯಾಬ್ ಇಲ್ಲದೆ ಎರಡು ಸಿಟಿ ಬಸ್ ಬದಲಿಸಿ, ಸ್ವೆಟರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಹೊರಗೆ ಉರಿಬಿಸಿಲು. ಸ್ವೆಟರ್ ಹಿಡಿದವರನ್ನು ನೋಡಿ ಓಣಿಯ ಮಕ್ಕಳು ನಕ್ಕವು.

ನನಗೆ ಸಿಟ್ಟಿದೆ. ಯಾರ ಮೇಲೆ ಅಂತ ಕೇಳಿದರೆ ಇವರ ಹಾಗೆ ನಾನೂ ಒಂದು ಹೆಸರು ಹೇಳಲಾರೆ.

ಈ ಊರು ನೋಡಿ ಈಗ. ಎಲ್ಲರಿಗೂ ಎಲ್ಲವೂ ಖಚಿತ. ಬಂಡೆಗಳ ನಡುವೆ ನಿಲ್ಲಿಸಿದ ಅಪಾರ್ಟ್‌ಮೆಂಟಿನ ಬೋರ್ಡು, ಇಲ್ಲಿಂದ ಎಲ್ಲಿಗೇ ಹೋದರೂ ಹತ್ತು ನಿಮಿಷ ಅನ್ನುತ್ತದೆ. (ಹತ್ತು ನಿಮಿಷದಲ್ಲಿ ಅದರ ಗೇಟು ದಾಟಿದರೆ ಪುಣ್ಯ.) ಇಂಟರ್‌ವ್ಯೂಗೆ ತಯಾರು ಮಾಡುವ ಕೋಚಿಂಗ್ ಸೆಂಟರಿನಲ್ಲಿ ಮೊದಲ ಪಾಠವೇ ‘ಗೊತ್ತಿಲ್ಲ’ ಅನ್ನಬಾರದು ಅನ್ನುವುದು. ಗೊತ್ತಿಲ್ಲದಿದ್ದರೂ ಜೋರಾಗಿ ಹೇಳು, ಕಣ್ಣಲ್ಲಿ ಕಣ್ಣಿಟ್ಟು ಹೇಳು. ಹಾಗೆ ಹೇಳಿದವರಿಗೆ ಕೆಲಸ ಸಿಕ್ಕಿತು. ಕೆಲಸ ಸಿಕ್ಕವರು ಮುಂದಿನವರನ್ನು ಆರಿಸಲು ಕೂತರು. ಈಗ ಊರ ತುಂಬ ಪಟ್ಟಿಯಿಲ್ಲದ ರೆಸಿಸ್ಟರುಗಳು.

ಇನ್ನು ಕೆಲವರು ಇದ್ದಾರೆ. ವಿಜ್ಞಾನಿಗಳೇ ಒಂದೂವರೆ ಅಂತಾರೆ, ನಾಲ್ಕೂವರೆ ಅಂತಾರೆ, ಅವರಿಗೇ ಗೊತ್ತಿಲ್ಲ, ಹಾಗಾದರೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರು. ಅಲ್ಲ ಸ್ವಾಮಿ, ಮದುವೆಗೆ ನೂರೈವತ್ತರಿಂದ ನಾನೂರೈವತ್ತು ಜನ ಬರಬಹುದು ಅಂತ ಹೇಳಿದರೆ ಅಡುಗೆಯವರು ಮುನ್ನೂರು ಎಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆಯೇ? ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂತ ಒಲೆಯನ್ನೇ ಹಚ್ಚದೆ ಮಲಗುತ್ತಾರೆಯೇ? ನಾನೂರೈವತ್ತಕ್ಕೆ ಆಗುವಷ್ಟು ಅಕ್ಕಿ ತರಿಸಿ ಇಟ್ಟಿರುತ್ತಾರೆ. ಗೊತ್ತಿಲ್ಲದಿರುವುದು ನಿಶ್ಚಿಂತೆಗೆ ಕಾರಣ ಅಲ್ಲ, ಚಿಂತೆಗೆ ಕಾರಣ. ಮೂರು ಅಂದುಬಿಟ್ಟರೆ ಆ ಚಿಂತೆಯೂ ಹೋಯಿತು, ಒಂದೂವರೆಯಲ್ಲಿ ಉಳಿಯಬಹುದಲ್ಲ ಅನ್ನುವ ಆಸೆಯೂ ಹೋಯಿತು. ಉಳಿದದ್ದು ಒಂದು ಮಾರ್ಕು.

ಮೊದಲು ಹೇಳಿದ ಆ ಭಾನುವಾರಕ್ಕೆ ಬರುತ್ತೇನೆ.

ಮಂಜು ಊಟಕ್ಕೆ ಕರೆದಿದ್ದ. ಆ ಶನಿವಾರದ ನಂತರ ಮೊದಲ ಸಲ. ಹೋಗುವುದೋ ಬೇಡವೋ ಅಂತ ನಾನು ಅನುಮಾನಿಸಿದರೆ ಇವರೇ ಅಂಗಿ ಹಾಕಿಕೊಂಡು ರೆಡಿಯಾದರು. ಸಂಬಂಧ ಬೇರೆ, ಸಹಿ ಬೇರೆ ಅಂದರು. ಗಚ್ಚಿಬೌಲಿಯ ಅವನ ಫ್ಲಾಟ್ ಹನ್ನೊಂದನೇ ಮಹಡಿಯಲ್ಲಿದೆ. ಊಟ ಚೆನ್ನಾಗಿತ್ತು, ಮಾತು ಅಳೆದು ತೂಗಿ ನಡೆಯಿತು. ಊಟವಾದ ಮೇಲೆ ಮಂಜುನ ಮಗಳು ಸೃಷ್ಟಿ ಇವರನ್ನು ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಎಂಟನೇ ಕ್ಲಾಸು. ಮರುದಿನ ಯೂನಿಟ್ ಟೆಸ್ಟ್. ಅವಳ ಶಾಲೆ ದೊಡ್ಡ ಶಾಲೆ, ಈ ವರ್ಷದಿಂದ ಮಕ್ಕಳಿಗೆ ಪಾಠ ಸಿಡಿಯಲ್ಲಿ. ಸಾಗರದಾಚೆಗೆ ಹೋದ ಪಾಠವನ್ನೇ ಕಂಪನಿ ಇಲ್ಲಿನ ಶಾಲೆಗಳಿಗೂ ಮಾರಿತ್ತು. ಅದು ಮಂಜುಗೂ ಗೊತ್ತಿತ್ತು, ಮಗಳು ಇವತ್ತೇ ಅದನ್ನು ತೆರೆಯುತ್ತಾಳೆ ಅಂತ ಗೊತ್ತಿರಲಿಲ್ಲ.

ಮೊದಲ ಚಿತ್ರ ಬಂದ ಕೂಡಲೇ ಇವರು ಗುರುತು ಹಿಡಿದರು. ಒಂದು ಕಿಟಕಿ, ಅದಕ್ಕೆ ಪರದೆ. ನಮ್ಮ ಪಡುವಣ ಕಿಟಕಿ. ಅವರ ಮುಖ ಒಂದು ಕ್ಷಣ ಅರಳಿತು, ಆ ಮುಖ ನಾನು ನೋಡಿ ಬಹಳ ತಿಂಗಳಾಗಿದ್ದವು. ಹಿಂದೆ ನಿಂತು ನಾನೂ ನೋಡಿದೆ. ನೀರಾವಿ ಬಂತು, ಹಿಮ ಬಂತು, ಮೋಡ ಬಂತು. ಎಲ್ಲವೂ ಇವರ ಮಾತೇ. ಕೊನೆಗೆ ಪ್ರಶ್ನೆ ಬಂತು. ಅಜ್ಜಾ ನೀವು ಒತ್ತಿ ಅಂದಳು ಹುಡುಗಿ. ಇವರು ನಾಲ್ಕನೆಯದನ್ನು ಒತ್ತಿದರು.

ಗಿಳಿ ಏನು ಮಾಡಿತು ಅಂತ ಆಗಲೇ ಹೇಳಿದೆ.

ಎರಡನೇ ಸಲವೂ ಅದನ್ನೇ ಒತ್ತಿದಾಗ ಸೃಷ್ಟಿಗೆ ಕನಿಕರ ಬಂತು. ಅಜ್ಜನಿಗೆ ಕಣ್ಣು ಮಂಜಾಗಿರಬೇಕು ಅಂದುಕೊಂಡಳೋ ಏನೋ. ತಾನೇ ಮೂರನ್ನು ಒತ್ತಿ ತೋರಿಸಿದಳು. ಗಿಳಿ ರೆಕ್ಕೆ ಬಡಿದು ಕುಣಿಯಿತು. ಸೃಷ್ಟಿ ಇವರ ಕಡೆ ತಿರುಗಿ, ಆದರೆ ನೀವು ಒತ್ತಿದ್ದೇ ಪಾಠದಲ್ಲಿ ಹೇಳಿದ್ದಕ್ಕೆ ಹೊಂದುತ್ತದಲ್ಲ, ಮೋಡದ ವಿಷಯ ಗೊತ್ತಿಲ್ಲ ಅಂದಮೇಲೆ ಮೂರು ಹೇಗೆ ಬಂತು ಅಂತ ಕೇಳಿದಳು.

ಜಾಣ ಹುಡುಗಿ. ಕಂಪನಿಯ ಕ್ವಾಲಿಟಿ ಟೀಮಿನಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಹಾಲ್‌ನಲ್ಲಿ ಮಂಜು ಟಿವಿಯ ಸೌಂಡು ಕಡಿಮೆ ಮಾಡಿದ.

‘ಅಜ್ಜಾ, ನಾಳೆ ಟೆಸ್ಟಿನ್ಯಾಗ ಇದ ಪ್ರಶ್ನೆ ಬರತೈತಿ ಅಂತ ಮಿಸ್ ಹೇಳ್ಯಾರ. ನಾ ಏನ್ ಬರೀಲಿ?’

ಇವರು ಬಾಯಿ ತೆರೆದರು. ಪರದೆಯ ಕತೆ ಶುರುವಾಗುತ್ತದೆ, ರೆಸಿಸ್ಟರ್ ಬರುತ್ತದೆ, ಇವತ್ತು ಮನೆ ಮುಟ್ಟುವುದು ತಡವಾಗುತ್ತದೆ ಅಂದುಕೊಂಡೆ. ದೇವರೇ, ಬರಲಿ ಅಂತಲೂ ಅಂದುಕೊಂಡೆ. ಇವರು ಹುಡುಗಿಯ ಮುಖ ನೋಡಿದರು, ಗಿಳಿಯನ್ನು ನೋಡಿದರು, ಹೊರಗೆ ಅರ್ಧ ಕಟ್ಟಿ ನಿಂತ ಕಟ್ಟಡಗಳನ್ನು ನೋಡಿದರು. ಅವಳ ತಲೆ ಸವರಿದರು.

‘ಮೂರಂತ ಬರಿಯವ್ವಾ’ ಅಂದರು.

ಕೆಲಸ ಬಿಟ್ಟಾಗ ನನಗೆ ಅಳು ಬಂದಿರಲಿಲ್ಲ. ಆಗ ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕೆಳಗೆ ಬಿಡಲು ಬಂದ ಮಂಜು ಲಿಫ್ಟಿನಲ್ಲಿ ನೆಲ ನೋಡುತ್ತ ನಿಂತಿದ್ದ. ಗೇಟಿನ ಹತ್ತಿರ ಬಂದಾಗ ಮೆಲ್ಲಗೆ, ‘ಮಾವಾ, ಆವತ್ತ ಇದನ್ನ ಅಂದಿದ್ರ ಆಗ್ತಿತ್ತಲ್ರಿ’ ಅಂದ. ಚುಚ್ಚಲು ಅಂದ ಮಾತಲ್ಲ. ನಿಜಕ್ಕೂ ಸಂಕಟದಿಂದಲೇ ಅಂದ.

‘ಆವತ್ತ ಕೇಳಿದಾವ ದೊಡ್ಡಾವ ಇದ್ದ’ ಅಂದರು ಇವರು. ಅವನ ಬೆನ್ನು ತಟ್ಟಿ ಬಸ್ಸಿನ ಕಡೆ ನಡೆದರು.

ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಒಬ್ಬೊಬ್ಬರೇ ಕೂತ ಕಾರುಗಳು ಗಾಜು ಏರಿಸಿಕೊಂಡು, ಏಸಿ ಹಾಕಿಕೊಂಡು, ಹೊಗೆ ಬಿಡುತ್ತ ನಿಂತಿದ್ದವು. ಮನೆ ಮುಟ್ಟಲು ಎಷ್ಟು ಹೊತ್ತಾಗಬಹುದು ಅಂತ, ಮಾತಾಡಿಸಲೆಂದೇ, ಕೇಳಿದೆ. ‘ಒಂದು ತಾಸು’ ಅಂದರು. ಹಿಂದೆ ಮುಂದೆ ಏನೂ ಇಲ್ಲ. ಬರೀ ಒಂದು ತಾಸು. ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ನೇರ ಉತ್ತರ ಕೊನೆಗೂ ಸಿಕ್ಕಿತು, ನನಗದು ಬೇಡವಾಗಿತ್ತು.

ನಿನ್ನೆ ಸೃಷ್ಟಿ ಫೋನ್ ಮಾಡಿದ್ದಳು. ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು. ಅಜ್ಜನಿಗೆ ತಪ್ಪದೆ ಹೇಳಬೇಕು ಅಂದಳು. ಮಾತಾಡಿ ಫೋನ್ ಇಟ್ಟೆ. ಇವರು ಬಾಗಿಲಲ್ಲಿ ನಿಂತಿದ್ದರು, ಕಾರ್ಖಾನೆ ಬಿಡುವ ಹೊತ್ತು, ಗಡ್ಡ ಎರಡು ದಿನದ್ದು. ತಿರುಗದೆಯೇ, ಎಷ್ಟು ಬಂತಂತೆ ಅಂತ ಕೇಳಿದರು.

‘ಎಂಟರಿಂದ ಹತ್ತರ ನಡುವ ಅಂತ್ರಿ’ ಅಂದೆ.

ಇವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಈ ಊರಿನಲ್ಲಿ ಇಂಥ ಉತ್ತರಕ್ಕೆ ಮಾರ್ಕು ಕೊಡುವ ಮನೆ ಇದೊಂದೇ ಉಳಿದಿರಬೇಕು.